ಮೂಲದೊಂದಿಗೆ ತಾಳೆ ನೋಡಿದೆ, ಸರಿಯಿದೆ

ದಾಖಲೆ ಕಚೇರಿಯ ನಕಲು ವಿಭಾಗದಲ್ಲಿ ಮೂವತ್ತೊಂದು ವರ್ಷ ಒಂದೇ ಕುರ್ಚಿಯನ್ನು ಸವೆಸಿದ ಮಹನೀಯರೊಬ್ಬರಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಊರೆಲ್ಲ ಅವರನ್ನು ತಾಳೆರಾಯರು ಎಂದೇ ಕರೆಯುತ್ತಿತ್ತು. ಯಾರಿಗೆ ಯಾವ ಹಳೆಯ ಪತ್ರದ ನಕಲು ಬೇಕಾದರೂ ಅದು ಇವರ ಮೇಜಿಗೆ ಬರಬೇಕು, ಇವರು ಮೂಲವನ್ನೂ ನಕಲನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು, ಆಮೇಲೆ "ಮೂಲದೊಂದಿಗೆ ತಾಳೆ ನೋಡಿದೆ, ಸರಿಯಿದೆ" ಎಂಬ ಮುದ್ರೆ ಹೊಡೆದು ಸಹಿ ಹಾಕಬೇಕು. ಆ ಮುದ್ರೆ ಬಿದ್ದ ಕಾಗದವನ್ನು ದೇವರು ಬಂದರೂ ಪ್ರಶ್ನಿಸುವಂತಿರಲಿಲ್ಲ.

ತಾಳೆ ನೋಡುವುದಕ್ಕೆ ರಾಯರದು ಸ್ವಂತ ಪದ್ಧತಿ. ಮೊದಲ ಸಾಲು ನೋಡುವುದು, ಕೊನೆಯ ಸಾಲು ನೋಡುವುದು, ಪುಟ ಎಣಿಸುವುದು. ತಲೆ, ಬಾಲ, ಎಣಿಕೆ, ಅಷ್ಟೇ. ಹಾವಿನ ತಲೆಯೂ ಬಾಲವೂ ಕಣ್ಣಿಗೆ ಬಿದ್ದ ಮೇಲೆ ನಡುವೆ ಹಗ್ಗ ಇರುವುದಕ್ಕೆ ಸಾಧ್ಯವೇ ಎಂಬುದು ಅವರ ತರ್ಕ. ನಕಲು ತೆಗೆಯುವ ಬೆರಳಚ್ಚಿನ ಅಮ್ಮನವರು ಸೀನಿದರೂ ಅಕ್ಷರ ತಪ್ಪದವರಾದ್ದರಿಂದ ಈ ಪದ್ಧತಿ ಮೂವತ್ತೊಂದು ವರ್ಷ ಒಂದೇ ಒಂದು ದೂರಿಲ್ಲದೆ ನಡೆಯಿತು. ಇದರ ಕೀರ್ತಿಯನ್ನೆಲ್ಲ ರಾಯರೇ ಹೊತ್ತುಕೊಂಡು ತಿರುಗುತ್ತಿದ್ದರು.

ಅವರ ಹೆಂಡತಿ ಬೇರೆ ಮಣ್ಣಿನ ಹೆಂಗಸು. ಸರಕು ಯಾರ್ಡಿನಲ್ಲಿ ಎಪ್ಪತ್ತು ಅಡಿ ಎತ್ತರದ ಗೂಡಿನಲ್ಲಿ ಕೂತು ಇಪ್ಪತ್ತಾರು ವರ್ಷ ಕ್ರೇನ್ ಓಡಿಸಿದವರು, ಆ ಯಾರ್ಡಿಗೆ ಮೊದಲ ಹೆಣ್ಣು. ಕೂಲಿಯವರಿಂದ ಹಿಡಿದು ಮೇಲಧಿಕಾರಿಯವರೆಗೆ ಎಲ್ಲರಿಗೂ ಅವರು ಕ್ರೇನಮ್ಮ. ನಿವೃತ್ತಿಯಾದ ಮೇಲೆ ಊಟದ ಮೇಜಿನ ಮೇಲೆ ಎರಡು ವರ್ಷ ಕೂತು ತಮ್ಮ ಬದುಕಿನ ಕಥೆ ಬರೆದರು. "ಕೊಕ್ಕೆ ಮತ್ತು ನಾನು" ಎಂದು ಹೆಸರಿಟ್ಟರು. ಅಚ್ಚಾಗಿ ಬಂದ ದಿನ ಮೊದಲ ಪ್ರತಿಯ ಮೇಲೆ "ನನ್ನ ಮೊದಲ ಓದುಗರಿಗೆ" ಎಂದು ಬರೆದು ಗಂಡನ ಕೈಗಿತ್ತರು.

ದಿನವಿಡೀ ಕಾಗದದಲ್ಲಿ ಮುಳುಗಿರುವವನಿಗೆ ಮನೆಯಲ್ಲೂ ಕಾಗದವೇ ಎಂದರೆ ಹೇಗೆ? ರಾಯರು ಮೊದಲ ಸಾಲು ನೋಡಿದರು, ಕೊನೆಯ ಸಾಲು ನೋಡಿದರು, ಇನ್ನೂರ ಹನ್ನೆರಡು ಪುಟ ಎಣಿಸಿದರು, ಚೆನ್ನಾಗಿದೆ ಎಂದು ತೀರ್ಪು ಕೊಟ್ಟರು. ಯಾವ ಭಾಗ ಇಷ್ಟವಾಯಿತು ಎಂದು ಹೆಂಡತಿ ಆಸೆಯಿಂದ ಕೇಳಿದರೆ, "ಆ ಮಧ್ಯದ ಭಾಗ ಇದೆಯಲ್ಲ, ಅದು" ಎಂದರು. ಪುಸ್ತಕ ಗಾಜಿನ ಕಪಾಟು ಸೇರಿತು. ಬೀದಿಯವರಿಗೂ ಬಂಧುಗಳಿಗೂ ಒಂದೊಂದು ಪ್ರತಿ ಹೋಯಿತು, ಅವೆಲ್ಲವೂ ಅವರವರ ಗಾಜಿನ ಕಪಾಟು ಸೇರಿದವು. ಇಡೀ ಬೀದಿಗೆ ಕ್ರೇನಮ್ಮನ ಮೇಲೆ ಎಷ್ಟು ಗೌರವವೆಂದರೆ ಯಾರೂ ಆ ಪುಸ್ತಕವನ್ನು ಬಿಡಿಸಿ ಕೊಳೆ ಮಾಡಲಿಲ್ಲ.

ಓದಿದವನೆಂದರೆ ಒಬ್ಬ ಸಿನಿಮಾ ನಿರ್ದೇಶಕ. ಬಿಸಿಲಿನಲ್ಲೂ ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು ಬಂದ ಆ ಮಹಾಶಯ ಇದನ್ನು ಚಿತ್ರ ಮಾಡಿಯೇ ಸಿದ್ಧ ಎಂದು ಕೂತ. ಕ್ರೇನಮ್ಮ ಒಂದೇ ಷರತ್ತು ಹಾಕಿದರು: ಚಿತ್ರಕಥೆಯನ್ನು ಮನೆಯವರಿಗೆ ತೋರಿಸಬೇಕು, ಅವರು ಸರಿಯಿದೆ ಎಂದು ಸಹಿ ಹಾಕಿದ ಮೇಲೆಯೇ ಮುಂದಿನ ಮಾತು. ನಾಲ್ಕು ತಿಂಗಳಲ್ಲಿ ನೂರ ನಲವತ್ತು ಪುಟದ ಚಿತ್ರಕಥೆ ಬಂತು. ಆ ಹೊತ್ತಿಗೆ ಯಾರ್ಡಿನವರು ಹೊಸಬರಿಗೆ ಕಲಿಸಿಕೊಡಿ ಎಂದು ಕ್ರೇನಮ್ಮನನ್ನು ಮತ್ತೆ ಕರೆಸಿಕೊಂಡಿದ್ದರು.

"ನೀವು ಪುಸ್ತಕ ಓದಿದ್ದೀರಿ, ತಾಳೆ ನೋಡೋದು ನಿಮ್ಮ ಕೆಲಸ. ನಿಮಗಿಂತ ಬೇಕಾ? ನೀವು ನೋಡಿ ಹೂಂ ಅಂದ್ರೆ ನಾನೂ ಹೂಂ" ಎಂದು ಹೇಳಿ ಅವರು ಯಾರ್ಡಿಗೆ ನಡೆದರು.

ನಿರ್ದೇಶಕ ಕೇಳಿದ್ದು ಕೊನೆಯ ಪುಟದಲ್ಲಿ ಒಂದು ಸಹಿ. ರಾಯರಿಗೆ ಅಷ್ಟಕ್ಕೆ ಸಮಾಧಾನವೇ? ಮೊದಲ ಸಾಲು ನೋಡಿದರು, ಪುಸ್ತಕದ್ದೇ. ಕೊನೆಯ ಸಾಲು ನೋಡಿದರು, ಅದೂ ಪುಸ್ತಕದ್ದೇ. ಪುಟದ ಲೆಕ್ಕ ಮಾತ್ರ ಹೊಂದಲಿಲ್ಲ. ಸಿನಿಮಾದವರ ಕಾಗದ ದೊಡ್ಡದು ಎಂದು ಅದನ್ನೂ ಹೊಂದಿಸಿದರು. ಆಮೇಲೆ ಚೀಲದಿಂದ ಕಚೇರಿಯ ಮುದ್ರೆಯನ್ನು ಹೊರತೆಗೆದು, ಶಾಯಿ ದಿಂಬಿನ ಮೇಲೆ ಒತ್ತಿ, ನೂರ ನಲವತ್ತು ಪುಟಕ್ಕೂ ಒಂದೊಂದು ಏಟು ಹಾಕಿದರು. ಸಹಿ ಒಣಗುವ ಮುಂಚೆ ಸ್ವಲ್ಪ ನಾಚಿಕೊಂಡು, ತಮ್ಮ ಪಾತ್ರ ಎಷ್ಟಿದೆ ಎಂದು ವಿಚಾರಿಸಿದರು. ನಿರ್ದೇಶಕ ಅವರ ಎರಡೂ ಕೈ ಹಿಡಿದು, ಚಿತ್ರದ ಬೆನ್ನೆಲುಬೇ ನೀವು, ನೀವಿಲ್ಲದಿದ್ದರೆ ಕಥೆಯೇ ನಿಲ್ಲುವುದಿಲ್ಲ ಎಂದ. ಅವನು ಸುಳ್ಳು ಹೇಳಲಿಲ್ಲ.

ಬೆನ್ನೆಲುಬಿನ ಸುದ್ದಿ ಬೀದಿಯಲ್ಲಿ ಹಬ್ಬಲು ಅರ್ಧ ದಿನ ಸಾಕಾಯಿತು. ಚಿತ್ರ ಬಿಡುಗಡೆಯಾದ ದಿನ ರಾಯರು ಹೊಸ ಅಂಗಿ ತೊಟ್ಟು ಇಡೀ ಬೀದಿಯನ್ನು ಕರೆದುಕೊಂಡು ಹೋಗಿ ಎರಡು ಸಾಲು ತುಂಬಿಸಿದರು. ಪಕ್ಕದ ಮನೆಯ ಹೊಲಿಗೆಯಮ್ಮ, ಎದುರಿನ ಕ್ಷೌರದಂಗಡಿಯವನು, ತರಕಾರಿಯವನು, ಎಲ್ಲರೂ ಬಂದಿದ್ದರು. ದೀಪ ಆರಿತು. ಪರದೆಯ ಮೇಲೆ ಮೊದಲು ಬಂದದ್ದು ನಾಯಕಿಯಲ್ಲ, ನಕಲು ವಿಭಾಗದ ಮುದ್ರೆ. ಗಾಡಿಯ ಚಕ್ರದಷ್ಟು ದೊಡ್ಡದಾಗಿ, "ಮೂಲದೊಂದಿಗೆ ತಾಳೆ ನೋಡಿದೆ, ಸರಿಯಿದೆ" ಎಂದು, ಕೆಳಗೆ ರಾಯರ ಸಹಿ. ಎರಡು ಸಾಲೂ ಚಪ್ಪಾಳೆ ತಟ್ಟಿತು. ರಾಯರು ಅರ್ಧ ಎದ್ದು ನಿಂತು ಕೈ ಮುಗಿದರು.

ಆಮೇಲೆ ಗಂಡ ಬಂದ. ಆರಡಿ ಆಳು, ಕೊಡಲಿಯ ಹಿಡಿಯಂಥ ಮೀಸೆ. ಬಂದವನೇ ಹೆಂಡತಿಯ ಬುತ್ತಿ ಡಬ್ಬಿಯನ್ನು ಗೋಡೆಗೆ ಎಸೆದ. ಕೆಲಸಕ್ಕೆ ಹೋಗದಿರಲೆಂದು ಅವಳ ಬೂಟುಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಅವಳು ಬರೆಯುತ್ತಿದ್ದ ನೋಟುಪುಸ್ತಕವನ್ನು ಒಲೆಗೆ ಹಾಕಿದ. "ನಮ್ಮ ಮನೆತನದ ಮರ್ಯಾದೆ ಎಪ್ಪತ್ತು ಅಡಿ ಮೇಲೆ ನೇತಾಡ್ತಾ ಇದೆ" ಎಂದು ಬೀದಿಯಲ್ಲಿ ನಿಂತು ಗುಡುಗಿದ. ಅವನು ಒಂದೊಂದು ಪಾತಕ ಮಾಡಿದಾಗಲೂ ಎರಡು ಸಾಲಿನ ತಲೆಗಳು ಒಟ್ಟಿಗೆ ರಾಯರ ಕಡೆ ತಿರುಗಿ, ಒಟ್ಟಿಗೆ ಪರದೆಯ ಕಡೆ ತಿರುಗಿದವು. ಕೊನೆಗೆ ನಾಯಕಿ ಮನೆಯ ಬಾಗಿಲನ್ನು ದಡಾರನೆ ಎಳೆದುಕೊಂಡು ಹೊರಗೆ ನಡೆದು ಕ್ರೇನ್ ಹತ್ತಿದಾಗ ಚಿತ್ರಮಂದಿರವೇ ಎದ್ದು ನಿಂತು ಅತ್ತಿತು. ಹೊಲಿಗೆಯಮ್ಮ ಕ್ರೇನಮ್ಮನನ್ನು ತಬ್ಬಿಕೊಂಡು, ರಾಯರ ಕಡೆ ಒಂದು ನೋಟ ಎಸೆದು ಹೋದರು. ಹೋಗುವಾಗ ಎರಡು ಸಾಲು ಕರೆದುಕೊಂಡು ಹೋದ ರಾಯರು ಬರುವಾಗ ಹೆಂಡತಿಯ ಜೊತೆ ಇಬ್ಬರೇ ಬಂದರು.

ಅರ್ಧ ದಾರಿ ಕಳೆಯಿತು. ಅಲ್ಲಿ ಕ್ರೇನಮ್ಮ ನಿಂತು ಕೇಳಿದರು:

"ರೀ, ನೀವು ಎಲ್ಲಾ ಓದಿ ತಾನೇ ಸಹಿ ಹಾಕಿದ್ದು?"

ಓದಿರಲಿಲ್ಲ ಎಂದರೆ, ಹೇಗೆ ತಾಳೆ ನೋಡಿದಿರಿ ಎಂಬ ಪ್ರಶ್ನೆ ಬರುತ್ತದೆ. ಅದರ ಬೆನ್ನಿಗೇ ಪುಸ್ತಕವನ್ನಾದರೂ ಓದಿದಿರಾ ಎಂಬ ಪ್ರಶ್ನೆ ಬರುತ್ತದೆ. ಎರಡು ವರ್ಷ ಊಟದ ಮೇಜಿನ ಮೇಲೆ ಬಗ್ಗಿ ಬರೆದವಳಿಗೆ, ಮೊದಲ ಓದುಗ ಒಂದು ಪುಟವನ್ನೂ ಓದಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ರಾಯರ ಬಾಯಿಗೆ ಇಂಥ ಸಂದರ್ಭದಲ್ಲಿ ಯಾವಾಗಲೂ ಒಂದು ಸುಳ್ಳು ತಾನಾಗಿಯೇ ಬಂದು ಕೂರುತ್ತಿತ್ತು.

"ಓದದೇ ಇರ್ತೀನಾ? ಸಿನಿಮಾ ಅಂದ್ರೆ ಒಬ್ಬ ಕೆಟ್ಟವನು ಬೇಕೇ ಬೇಕು ಅಂದ ಆ ಹುಡುಗ. ನಿನ್ನ ಕಥೆ ಗೆಲ್ಲೋದಾದ್ರೆ ಆ ಕೆಟ್ಟವನು ನಾನೇ ಆಗ್ತೀನಿ ಅಂತ ಒಪ್ಪಿಕೊಂಡೆ" ಎಂದರು.

ಕ್ರೇನಮ್ಮನ ಕಣ್ಣು ತುಂಬಿತು. ಇಪ್ಪತ್ತಾರು ವರ್ಷ ಯಾರ್ಡಿನ ಬಯ್ಗುಳಕ್ಕೂ ಬಿಸಿಲಿಗೂ ಅಳದ ಹೆಂಗಸು ನಡುಬೀದಿಯಲ್ಲಿ ಗಂಡನ ತೋಳು ಹಿಡಿದುಕೊಂಡರು. ಅಂದಿನಿಂದ ಆ ಮನೆಯಲ್ಲಿ ರಾಯರಿಗೆ ರಾಜೋಪಚಾರ. ಕೇಳುವ ಮುಂಚೆ ಬಿಸಿನೀರು, ಕೂರುವ ಮುಂಚೆ ಕಾಫಿ. ರಾಯರು ಗಾಜಿನ ಕಪಾಟಿಗೆ ಬೆನ್ನು ಮಾಡಿ ಕೂತು ಅದನ್ನು ಕುಡಿಯುತ್ತಿದ್ದರು.

ಬೀದಿಯ ಉಪಚಾರ ಬೇರೆ ತೆರನಾಗಿತ್ತು. ಹೆಂಡತಿ ಕೆಲಸಕ್ಕೆ ಹೋಗುತ್ತಿದ್ದಷ್ಟು ಕಾಲವೂ ರಾಯರು ಪ್ರತಿ ಬೆಳಿಗ್ಗೆ ಅವರ ಸಮವಸ್ತ್ರ ಒಗೆದು ಹಗ್ಗದ ಮೇಲೆ ಹರಡುವುದನ್ನು ಹೊಲಿಗೆಯಮ್ಮ ಕಣ್ಣಾರೆ ಕಂಡವರು. ಈಗ ಅವರಿಗೆ ಅದರ ನಿಜವಾದ ಅರ್ಥ ಹೊಳೆಯಿತು: ಮಾಡಬಾರದ್ದನ್ನು ಮಾಡುವವರು ಬಟ್ಟೆ ಒಗೆದೇ ಒಗೆಯುತ್ತಾರೆ, ಮರೆಮಾಚಬೇಕಲ್ಲ. ಕ್ಷೌರದವನು ಗಲ್ಲಕ್ಕೆ ನೊರೆ ಹಚ್ಚುತ್ತಾ ಮೀಸೆ ಯಾವಾಗ ತೆಗೆಸಿದಿರಿ ಸ್ವಾಮಿ ಎಂದು ಕೇಳಿದ. ಹುಟ್ಟಿದಾಗಿನಿಂದ ಮೀಸೆಯೇ ಬಿಟ್ಟಿಲ್ಲ ಎಂದರೆ ಹೌದು ಹೌದು ಎಂದು ತಲೆಯಾಡಿಸಿ, ಕತ್ತಿಯನ್ನು ಬಹಳ ಗೌರವದಿಂದ ಓಡಿಸಿದ. ತರಕಾರಿಯವನು ಮಾತ್ರ ಅಂದಿನಿಂದ ಕೊಳೆತ ಟೊಮ್ಯಾಟೊ ಹಾಕುವುದನ್ನು ನಿಲ್ಲಿಸಿದ. ಸೊಳ್ಳೆಯನ್ನೂ ಹೊಡೆಯದೆ ಓಡಿಸಿ ಬಿಡುತ್ತಿದ್ದ ಮನುಷ್ಯನಿಗೆ ಜನ ಹೆದರಿದರೆ ಹೇಗಿರುತ್ತದೆ ಎಂಬುದು ಅರುವತ್ತರ ಹತ್ತಿರ ಗೊತ್ತಾಯಿತು. ನಿಜ ಹೇಳಬೇಕೆಂದರೆ ಟೊಮ್ಯಾಟೊ ಮಟ್ಟಿಗೆ ಅವರಿಗೆ ಸಂತೋಷವೇ ಆಯಿತು.

ವಾರ ಕಳೆಯುವಷ್ಟರಲ್ಲಿ ಕ್ರೇನಮ್ಮನ ಅಣ್ಣ ಬಂದಿಳಿದ. ಹೊಸ್ತಿಲಲ್ಲೇ ಪೆಟ್ಟಿಗೆ ಕುಕ್ಕಿ, ತೋಳು ಮಡಚಿ, ನನ್ನ ತಂಗಿಯನ್ನು ಏನೆಂದುಕೊಂಡಿರಿ ಎಂದು ಶುರುಮಾಡಿದ. ರಾಯರು ಕುರ್ಚಿಯ ಹಿಂದೆ ನಿಂತು, ಭಾವ ಕೂತ್ಕೊಳ್ಳಿ, ಭಾವ ಕಾಫಿ ಕುಡೀರಿ ಎನ್ನುತ್ತಿದ್ದರು. ಭಾವ ಕೂರಲಿಲ್ಲ. ಮನೆತನದ ಮರ್ಯಾದೆ ಎಪ್ಪತ್ತು ಅಡಿ ಮೇಲೆ ನೇತಾಡುತ್ತಿದೆ ಎನ್ನಲು ನಿಮಗೆ ನಾಲಿಗೆಯಾದರೂ ಹೇಗೆ ಬಂತು ಎಂದು ಅಬ್ಬರಿಸಿದ.

"ಅದು ನಿನ್ನ ನಾಲಿಗೆ ಅಣ್ಣ," ಎಂದರು ಕ್ರೇನಮ್ಮ ಅಡುಗೆಮನೆಯಿಂದಲೇ. "ನಾನು ಕೆಲಸಕ್ಕೆ ಸೇರಿದಾಗ ನೀನೇ ಪತ್ರ ಬರೆದು, ಎಂಟು ವರ್ಷ ಮಾತು ಬಿಟ್ಟಿದ್ದೆ. ಪುಸ್ತಕದಲ್ಲಿದೆ, ಮೂರನೇ ಅಧ್ಯಾಯ."

ಅಣ್ಣ ಕೂತ. ಕ್ರೇನಮ್ಮ ನಿರ್ದೇಶಕನಿಂದ ಕೇಳಿ ತಿಳಿದಿದ್ದನ್ನು ಬಿಡಿಸಿ ಹೇಳಿದರು. ಪುಸ್ತಕದಲ್ಲಿ ಅಡ್ಡಗಾಲು ಹಾಕಿದವರು ಒಬ್ಬಿಬ್ಬರಲ್ಲ. ಅಣ್ಣ ಇದ್ದಾನೆ, ಬೂಟು ಕೊಡದ ಉಗ್ರಾಣದವನಿದ್ದಾನೆ, ಬುತ್ತಿ ಡಬ್ಬಿ ಒದ್ದ ಮೇಸ್ತ್ರಿ ಇದ್ದಾನೆ, ಹೆಂಗಸರಿಗೆ ಶೌಚಾಲಯ ಕಟ್ಟಿಸಲು ಒಂಬತ್ತು ವರ್ಷ ತೆಗೆದುಕೊಂಡ ಮೇಲಧಿಕಾರಿಗಳು ಸಾಲಾಗಿ ಇದ್ದಾರೆ. ಇಷ್ಟು ಜನ ಕೆಟ್ಟವರನ್ನು ಎರಡು ಗಂಟೆಯಲ್ಲಿ ಪ್ರೇಕ್ಷಕ ನೆನಪಿಟ್ಟುಕೊಳ್ಳುವುದಿಲ್ಲವಂತೆ. ಶೌಚಾಲಯವನ್ನಂತೂ ಪರದೆಯ ಮೇಲೆ ಬಯ್ಯಲು ಬರುವುದಿಲ್ಲವಂತೆ. ಆದ್ದರಿಂದ ಎಲ್ಲರ ಪಾಪವನ್ನೂ ಒಟ್ಟುಮಾಡಿ ಗಂಡನ ತಲೆಗೆ ಕಟ್ಟಿದ್ದರು, ಅವನಾದರೆ ಮನೆಯಲ್ಲೇ ಸಿಗುತ್ತಾನೆ.

ಅಣ್ಣ ಬಹಳ ಹೊತ್ತು ನೆಲ ನೋಡಿದ. ತಪ್ಪಿನ ಅರಿವಾಯಿತೇನೋ ಎಂದು ರಾಯರು ಕುರ್ಚಿಯ ಹಿಂದಿನಿಂದ ಹೊರಗೆ ಬಂದರು.

"ಎಂಟು ವರ್ಷ ಮಾತು ಬಿಟ್ಟವನು ನಾನು," ಎಂದ ಅಣ್ಣ ನೊಂದ ದನಿಯಲ್ಲಿ. "ಸಿನಿಮಾದಲ್ಲಿ ನನ್ನನ್ನ ಒಂದು ಸಲಾನೂ ತೋರಿಸಲಿಲ್ಲವಲ್ಲ."

ಮರುದಿನ ಮಹಿಳಾ ಸಂಘದವರು ಫಲಕಗಳನ್ನು ಹಿಡಿದು ಗೇಟಿನ ಮುಂದೆ ನಿಂತರು. ಕ್ರೇನಮ್ಮನೇ ಹೊರಗೆ ಹೋಗಿ, ಹೆಂಡತಿಯ ಕಥೆ ಗೆಲ್ಲಲೆಂದು ತಿಳಿದೂ ತಿಳಿದೂ ಕೆಟ್ಟ ಹೆಸರು ಹೊತ್ತ ಮನುಷ್ಯನ ಮೇಲೆ ಕೂಗಬೇಡಿ ಎಂದರು. ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಂಥ ಗಂಡಸನ್ನು ತಮ್ಮ ಸಂಘ ಹುಡುಕುತ್ತಿರುವುದು ಇಂದು ನಿನ್ನೆಯಿಂದಲ್ಲ ಎಂದರು. ಫಲಕಗಳನ್ನು ಅಲ್ಲೇ ತಿರುಗಿಸಿ ಹಿಂಬದಿಯಲ್ಲಿ ತ್ಯಾಗಮೂರ್ತಿ ಎಂದು ಬರೆದು, ರಾಯರನ್ನು ಹೊರಗೆ ಕರೆದು ಹೂಗುಚ್ಛ ಕೊಟ್ಟು ಫೋಟೊ ತೆಗೆದರು. ಎಲ್ಲವನ್ನೂ ಓದಿ, ಪುಸ್ತಕಕ್ಕೂ ಚಿತ್ರಕಥೆಗೂ ಅಜಗಜಾಂತರವಿದೆ ಎಂದು ಗೊತ್ತಿದ್ದೂ ಸಹಿ ಹಾಕಿದ ಮಹಾನುಭಾವ ಎಂದು ಮರುದಿನದ ಪತ್ರಿಕೆ ಹೊಗಳಿತು.

ಆ ಹೊಗಳಿಕೆಯನ್ನು ದಾಖಲೆ ಕಚೇರಿಯ ಸಾಹೇಬರು ಎರಡು ಸಲ ಓದಿದರು, ಮೂರನೆಯ ಸಲ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಸಾಹೇಬರು ಸಾವಧಾನದ ಮನುಷ್ಯ; ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ರಾಯರನ್ನು ಎದುರಿಗೆ ಕೂರಿಸಿಕೊಂಡು ವಿವರಿಸಿದರು.

"ನೋಡಿ ತಾಳೆರಾಯರೇ. ಚಿತ್ರಕಥೆ ಪುಸ್ತಕದ ಹಾಗೇ ಇದೆ ಅನ್ನೋದಾದ್ರೆ ನೀವು ಹೆಂಡತಿಗೆ ಹಿಂಸೆ ಕೊಟ್ಟವರು. ಹಾಗಿಲ್ಲ, ಗೊತ್ತಿದ್ದೇ ಸಹಿ ಹಾಕಿದೆ ಅನ್ನೋದಾದ್ರೆ ಸರ್ಕಾರಿ ಮುದ್ರೆಯಲ್ಲಿ ಸುಳ್ಳು ಹೇಳಿದವರು. ಓದೇ ಇಲ್ಲ ಅನ್ನೋದಾದ್ರೆ ಮೂವತ್ತೊಂದು ವರ್ಷ ಕೆಲಸವೇ ಮಾಡದವರು. ಮೂರರಲ್ಲಿ ಯಾವುದು ಅಂತ ನೀವೇ ಹೇಳಿಬಿಡಿ, ನಾನು ಬರ್ಕೋತೀನಿ."

ಹೊರಗೆ ಆಗಲೇ ಜನ ಸಾಲು ನಿಂತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ರಾಯರ ಮುದ್ರೆಯ ಒಂದು ಹಳೆಯ ನಕಲು. ಒಬ್ಬ ಮುದುಕ ತನ್ನ ಜನನ ಪತ್ರ ಹಿಡಿದು, ನಾನು ಹುಟ್ಟಿದ್ದು ನಿಜವೋ ಸುಳ್ಳೋ ಈಗಲೇ ತಿಳಿಸಿ ಎಂದು ಪಟ್ಟು ಹಿಡಿದಿದ್ದ. ರಾಯರು ಕಿಟಕಿಯಿಂದ ಆ ಸಾಲು ನೋಡಿದರು. ಮೂರನೆಯದೇ ನಿಜ, ಮೂರರಲ್ಲಿ ಹಗುರವೂ ಅದೇ. ಆದರೆ ಅದು ಕಾಗದಕ್ಕೆ ಇಳಿದರೆ ಹೆಂಡತಿಯ ಕಿವಿಗೆ ಬೀಳುತ್ತದೆ. ಮೊದಲನೆಯದೇ ಇರಲಿ ಸಾರ್ ಎಂದರು.

ಹೆಂಡತಿಗೆ ಹಿಂಸೆ ಕೊಡುವುದು ಕಚೇರಿಯ ನಿಯಮಾವಳಿಯಲ್ಲಿ ಬರುವುದಿಲ್ಲ, ಅದನ್ನು ನೋಡಿಕೊಳ್ಳುವವರು ಬೇರೆ ಎಂದು ಸಾಹೇಬರು ನಿಟ್ಟುಸಿರು ಬಿಟ್ಟರು. ಆದರೆ ಬಾಯಿಮಾತು ನಡೆಯದು. ಚಿತ್ರಕಥೆ ತನ್ನ ಪುಸ್ತಕದಂತೆಯೇ ಇದೆ ಎಂದು ಪುಸ್ತಕ ಬರೆದವರೇ ಬಂದು ಬರೆದುಕೊಡಬೇಕು. ಮೂರನೆಯ ದಿನ ವಿಚಾರಣೆ. ಅಷ್ಟರೊಳಗೆ ರಾಯರು ಮೂಲ ಮತ್ತು ನಕಲು ಎರಡನ್ನೂ ಸಿದ್ಧವಿಟ್ಟುಕೊಂಡಿರಬೇಕು.

ಹೀಗೆ ತಾಳೆರಾಯರು ಗಾಜಿನ ಕಪಾಟಿನಿಂದ ಪುಸ್ತಕ ತೆಗೆದು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಕಚೇರಿಗೆ ತಂದರು. ಕಡತದ ಕೋಣೆಯಲ್ಲಿ ಎರಡು ಕಪಾಟಿನ ಸಂದಿಯಲ್ಲಿ ಮುರುಕು ಸ್ಟೂಲಿನ ಮೇಲೆ ಕೂತು, ಮೊದಲ ಸಾಲಾದ ಮೇಲೆ ಎರಡನೆಯ ಸಾಲು ಓದಿದರು. ಅವರ ಸೇವಾವಧಿಯಲ್ಲೇ ಇದು ಮೊದಲು.

ಮಧ್ಯಾಹ್ನದ ಊಟದ ಗಂಟೆ ಹೊಡೆದದ್ದು ಅವರಿಗೆ ಕೇಳಿಸಲಿಲ್ಲ. ಪುಸ್ತಕದಲ್ಲಿ ಪುಟ ತಿರುಗಿಸಿದಲ್ಲೆಲ್ಲ ಒಬ್ಬ ಗಂಡ ಇದ್ದ. ಯಾರ್ಡಿನವರು ಕೊಟ್ಟ ಗಂಡಸರ ಅಳತೆಯ ಸಮವಸ್ತ್ರವನ್ನು ಅವನೇ ಕೈಹೊಲಿಗೆಯಲ್ಲಿ ಕಿರಿದು ಮಾಡಿದ್ದ. ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ. "ಆರು ತಿಂಗಳು ಹಾಗೇ ತೊಟ್ಟೆ, ಬಿಚ್ಚಿ ಹೊಲಿಸಲು ಮನಸ್ಸು ಬರಲಿಲ್ಲ" ಎಂದು ಬರೆದಿದ್ದರು ಕ್ರೇನಮ್ಮ. ಅಣ್ಣನ ಪತ್ರ ಬಂದ ದಿನ ಅವನು ಏನು ಹೇಳಲೂ ತೋಚದೆ ಮನೆಯ ಕಿಟಕಿಗಳನ್ನೆಲ್ಲ ಒರೆಸಿದ್ದ. ಅದೂ ಇತ್ತು. ಇಷ್ಟೆಲ್ಲ ತಾನು ಮಾಡಿದ್ದೇನೆಂದು ರಾಯರಿಗೇ ನೆನಪಿರಲಿಲ್ಲ.

ಹನ್ನೆರಡನೆಯ ಅಧ್ಯಾಯಕ್ಕೆ ಬಂದಾಗ ಅವರ ಕಿವಿ ಬಿಸಿಯಾಯಿತು. ಅದರ ಹೆಸರು "ಎಂಬತ್ತೆರಡು ಮೆಟ್ಟಿಲು". ಕ್ರೇನಮ್ಮ ಕೆಲಸಕ್ಕೆ ಸೇರಿದ ವರ್ಷ ಒಂದು ದಿನ ಕನ್ನಡಕ ಮರೆತು ಹೋಗಿದ್ದರು. ರಾಯರು ಅದನ್ನು ತಲುಪಿಸಲೆಂದು ಕ್ರೇನಿನ ಕಬ್ಬಿಣದ ಏಣಿಯಲ್ಲಿ ಎಂಬತ್ತೆರಡು ಮೆಟ್ಟಿಲು ಹತ್ತಿ, ಕನ್ನಡಕ ಕೊಟ್ಟು, ಒಮ್ಮೆ ಕೆಳಗೆ ನೋಡಿದರು. ಅಷ್ಟೇ. ಕಂಬಿ ಹಿಡಿದ ಕೈ ಬಿಡಲಿಲ್ಲ. ಮೂವರು ಬಂದು ಬೆರಳು ಬಿಡಿಸಬೇಕಾಯಿತು. ಕೊನೆಗೆ ರಿಪೇರಿಯವರನ್ನು ಇಳಿಸುವ ತಂತಿಯ ಬುಟ್ಟಿಯಲ್ಲಿ ಕೂರಿಸಿ, ಕೊಕ್ಕೆಗೆ ಸಿಕ್ಕಿಸಿ, ಹೆಂಡತಿಯೇ ಕೆಳಗಿಳಿಸಿದರು. ಇಡೀ ಯಾರ್ಡು ನಕ್ಕಿತ್ತು. ಆ ನಗುವೆಲ್ಲ ಅಚ್ಚಾಗಿ ಊರಿನ ಗಾಜಿನ ಕಪಾಟುಗಳಲ್ಲಿ ಕೂತಿದೆಯೆಂದು ರಾಯರು ಹೆದರುತ್ತಾ ಪುಟ ತಿರುಗಿಸಿದರು. ನಗು ಇರಲಿಲ್ಲ. "ಈ ಕೈಯಲ್ಲಿ ಸಾವಿರಾರು ಮಣ ಎತ್ತಿ ಇಳಿಸಿದ್ದೇನೆ. ಕೈ ನಡುಗಿದ್ದು ಅದೊಂದೇ ಸಲ" ಎಂದಿತ್ತು.

ಇಂಥವಳು ತನಗೆ ಹೆಂಡತಿಯಾಗಿ ಸಿಕ್ಕಿದ್ದಕ್ಕೆ ಯಾರಿಗೆ ಕೃತಜ್ಞತೆ ಹೇಳಬೇಕೋ ತಿಳಿಯದೆ, ರಾಯರು ಎದುರಿಗಿದ್ದ ಕಡತದ ಕಪಾಟಿಗೇ ಕೈ ಮುಗಿದರು. ಮರುದಿನ ಮತ್ತೆ ಮೊದಲಿನಿಂದ ಕೊನೆಯವರೆಗೆ ಓದಿದರು. ಸಂಜೆ ನಿರ್ದೇಶಕನಿಂದ ತರಿಸಿಕೊಂಡ ಚಿತ್ರಕಥೆಯನ್ನೂ ಓದಿದರು. ತಲೆ ಮತ್ತು ಬಾಲ ಬಿಟ್ಟರೆ ಎರಡಕ್ಕೂ ನೆಂಟಸ್ತನವೇ ಇರಲಿಲ್ಲ.

ವಿಚಾರಣೆಯ ದಿನ ಸಾಹೇಬರ ಕೋಣೆಯಲ್ಲಿ ಬೆರಳಚ್ಚಿನ ಅಮ್ಮ ಯಂತ್ರಕ್ಕೆ ಕಾಗದ ಏರಿಸಿ ಕೂತಿದ್ದರು. ಕ್ರೇನಮ್ಮ ಯಾರ್ಡಿನಿಂದ ನೇರ ಬಂದಿದ್ದರು, ಬೂಟಿನಲ್ಲೇ. ಮೇಜಿನ ಮೇಲೆ ಒಂದು ಹೇಳಿಕೆ ಸಿದ್ಧವಿತ್ತು: ಚಿತ್ರಕಥೆಯಲ್ಲಿ ಇರುವುದೆಲ್ಲವೂ ನನ್ನ ಪುಸ್ತಕದಲ್ಲಿ ಇರುವಂತೆಯೇ ಇದೆ. ಇದು ನಿಜವೇ ಎಂದು ಸಾಹೇಬರು ಕೇಳಿದರು. ಕ್ರೇನಮ್ಮ ಕಾಗದವನ್ನು ಓದಿ, ಗಂಡನ ಕಡೆ ನೋಡಿದರು.

"ಈ ಸಿನಿಮಾ ನೋಡಿ ಹನ್ನೊಂದು ಹುಡುಗಿಯರು ಕ್ರೇನ್ ಕಲಿಯೋಕೆ ಸೇರಿದ್ದಾರೆ ಸಾರ್. ಅದಕ್ಕೆ ನಾನು ಋಣಿ. ನನಗೋಸ್ಕರ ಇವರು ಊರೆಲ್ಲ ಬಯ್ಯಿಸಿಕೊಂಡ್ರು, ಅದಕ್ಕಿಂತ ದೊಡ್ಡ ಋಣ ಇಲ್ಲ. ನನ್ನ ಪುಸ್ತಕ ಸ್ವಲ್ಪ ಸುಳ್ಳಾದ್ರೂ ಪರವಾಗಿಲ್ಲ, ಕೊಡಿ, ಸಹಿ ಹಾಕ್ತೀನಿ" ಎಂದು ಪೆನ್ನು ತೆಗೆದುಕೊಂಡರು.

ಪೆನ್ನಿನ ಮೊನೆ ಕಾಗದಕ್ಕೆ ತಾಗುವುದನ್ನು ರಾಯರು ನೋಡಿದರು. ಅವರ ಬಾಯಲ್ಲಿ ಆಗಲೂ ಒಂದು ಸುಳ್ಳು ಬಂದು ಕೂತಿತ್ತು. ಅದನ್ನು ನುಂಗಿಕೊಂಡರು.

"ಸಹಿ ಹಾಕಬೇಡ ಕಣೇ," ಎಂದರು. "ನಾನು ಓದಿರಲಿಲ್ಲ. ಚಿತ್ರಕಥೆಯನ್ನೂ ಓದಿರಲಿಲ್ಲ, ನಿನ್ನ ಪುಸ್ತಕವನ್ನೂ ಓದಿರಲಿಲ್ಲ. ನಿನ್ನ ಪುಸ್ತಕದಲ್ಲಿ ಇರೋದು ನಿಜ. ನನ್ನ ಮುದ್ರೆಯೇ ಸುಳ್ಳು."

ಕ್ರೇನಮ್ಮ ಪೆನ್ನಿಗೆ ಮುಚ್ಚಳ ಹಾಕಿದರು.

"ಹಾಗಾದ್ರೆ ನನಗೋಸ್ಕರ ಕೆಟ್ಟವರಾಗೋಕೆ ಒಪ್ಪಿದ್ದು?"

"ಅದೂ ಸುಳ್ಳು. ಆವತ್ತು ದಾರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ."

ಸಾಹೇಬರು ಗಂಟಲು ಸರಿಮಾಡಿಕೊಂಡು ಆದೇಶ ಹೇಳಿದರು. ಮುದ್ರೆಯನ್ನು ವಾಪಸ್ಸು ಪಡೆಯಲಾಗಿದೆ. ನಿವೃತ್ತಿಯವರೆಗೆ ಶ್ರೀಯುತರು ಹಳೆಯ ನಕಲುಗಳನ್ನೆಲ್ಲ ಬೆರಳಚ್ಚಿನ ಅಮ್ಮನವರ ಎದುರು ಸಾಲು ಬಿಡದೆ ಗಟ್ಟಿಯಾಗಿ ಓದಬೇಕು. ಜನನ ಪತ್ರದ ಮುದುಕನದು ಮೊದಲು. ಬೆರಳಚ್ಚಿನ ಅಮ್ಮ ಇದನ್ನೆಲ್ಲ ಅಚ್ಚುಮಾಡಿ, ಪದ್ಧತಿಯಂತೆ ತಾಳೆ ನೋಡಿ ಸಹಿ ಹಾಕಲು ರಾಯರ ಮುಂದೆಯೇ ಇಟ್ಟರು. ಆ ಕಚೇರಿಯಲ್ಲಿ ಆ ಕೆಲಸಕ್ಕೆ ಬೇರೆ ಯಾರೂ ಇರಲಿಲ್ಲ. ರಾಯರು ತಮ್ಮ ಶಿಕ್ಷೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಸಹಿ ಮಾಡಿದರು.

ಕ್ರೇನಮ್ಮ ಇನ್ನೂ ಎದ್ದಿರಲಿಲ್ಲ. ಮೇಜಿನ ಮೇಲಿದ್ದ ಪುಸ್ತಕದ ಅಂಚು ಬೆವರಿಗೆ ಸೊಟ್ಟಗಾಗಿರುವುದನ್ನು ನೋಡುತ್ತಿದ್ದರು.

"ಯಾವಾಗ ಓದಿದ್ರಿ?" ಎಂದು ಕೇಳಿದರು.

"ಮೊನ್ನೆ. ನಿನ್ನೆ ಇನ್ನೊಂದು ಸಲ."

"ಪೂರ್ತಿ?"

"ಪೂರ್ತಿ."

ಸಾಹೇಬರು ಇರುವುದೂ, ಹೊರಗೆ ಮುದುಕ ಬಾಗಿಲು ತಟ್ಟುತ್ತಿರುವುದೂ ಕ್ರೇನಮ್ಮನಿಗೆ ಮರೆತಂತಿತ್ತು. "ಹೇಗಿದೆ?" ಎಂದರು. ದನಿ ಸಣ್ಣದಾಗಿತ್ತು.

ತಾಳೆರಾಯರು ಚೆನ್ನಾಗಿದೆ ಎನ್ನಲಿಲ್ಲ. ಪುಸ್ತಕ ತೆಗೆದು ಹನ್ನೆರಡನೆಯ ಅಧ್ಯಾಯ ಬಿಡಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಎಲ್ಲಾ ಸರಿಯಿದೆ. ಇಲ್ಲೊಂದು ಕಡೆ ಮಾತ್ರ ತಪ್ಪಿದೆ. ಕೈ ನಡುಗಿತು ಅಂತ ಬರೆದಿದ್ದೀಯ. ಬುಟ್ಟಿ ಕೆಳಗೆ ಮುಟ್ಟೋವರೆಗೂ ಒಂದು ಸಲಾನೂ ಅಲುಗಾಡಲಿಲ್ಲ. ಒಳಗೆ ಕೂತಿದ್ದವನು ನಾನು, ನನಗೆ ಗೊತ್ತು."

ಕ್ರೇನಮ್ಮ ಆ ಸಾಲನ್ನು ನೋಡಿದರು, ಆ ಬೆರಳನ್ನು ನೋಡಿದರು. ಆಮೇಲೆ ಪುಸ್ತಕ ಮುಚ್ಚಿ ಗಂಡನ ಕೈಗೇ ಕೊಟ್ಟರು.

"ನಡುಗಿತ್ತು ರೀ," ಎಂದರು. "ಬುಟ್ಟಿಗೆ ಗೊತ್ತಾಗದ ಹಾಗೆ ನೋಡ್ಕೊಂಡೆ, ಅಷ್ಟೇ."